ಕತ್ತಿ ಏಟಿಗೆ ರಕ್ತ ನಿಲ್ಲದಿದ್ದರೆ ಹಗ್ಗ ಬಿಗಿಯಬೇಕೋ, ಬ್ಯಾಂಡೇಜ್ ಸುತ್ತಬೇಕೋ?

ತೋಟದ ಕೆಲಸದಲ್ಲಿ ಕೈಗೆ ಕತ್ತಿ ಬಿದ್ದರೆ ಗಾಯದ ಮೇಲ್ಗಡೆ ಹಗ್ಗ ಬಿಗಿಯಬೇಕೋ, ಬ್ಯಾಂಡೇಜ್ ಸಾಕೋ ಅಂತ ಕೇಳಿದ್ದೀರಿ. ಹೆಚ್ಚಿನ ಸಲ ಹಗ್ಗ ಬೇಡವೇ ಬೇಡ. ರಕ್ತ ಬರುವ ಜಾಗವನ್ನೇ ಒತ್ತಿ ಹಿಡಿಯಬೇಕು. ನಿಮ್ಮ ಕೈ ಮಾಡುತ್ತಿದ್ದ ಕೆಲಸವನ್ನು ಆಮೇಲೆ ಬ್ಯಾಂಡೇಜ್ ವಹಿಸಿಕೊಳ್ಳುತ್ತದೆ, ಅಷ್ಟೇ.

ನಾನು ತಪ್ಪು ಮಾಡಿಯೇ ಕಲಿತವನು. ಮೂಡಿಗೆರೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಮಳೆ ಹಿಡಿಯುವ ಮೊದಲು ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವ ಕೆಲಸ, ನಡೆಯುತ್ತಿತ್ತು. ವರ್ಷಾನುಗಟ್ಟಲೆ ನಮ್ಮಲ್ಲಿಗೇ ಕೆಲಸಕ್ಕೆ ಬರುವ ಅಣ್ಣನೊಬ್ಬನ ಎಡ ಮುಂಗೈಗೆ ಕತ್ತಿ ಜಾರಿ ಬಿತ್ತು. ಹೆಗಲ ಮೇಲಿದ್ದ ಟವೆಲ್ ಒತ್ತಿದೆ, ಅಲ್ಲಿಯವರೆಗೆ ಸರಿ. ಆದರೆ ನಿಮಿಷಕ್ಕೊಂದು ಸಲ ಎತ್ತಿ "ನಿಂತಿತಾ" ಅಂತ ನೋಡುವ ಚಪಲ! ಎತ್ತಿದಾಗಲೆಲ್ಲ ಕಟ್ಟುತ್ತಿದ್ದ ಹೆಪ್ಪು ಬಟ್ಟೆಗೆ ಅಂಟಿ ಕಿತ್ತು ಬರುತ್ತಿತ್ತು. ಅಷ್ಟರಲ್ಲಿ ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆ) ಅಜ್ಜಿಯೊಬ್ಬರು ಅಂಗೈ ತುಂಬ ಕಾಫಿಪುಡಿ ತಂದು ಮೆತ್ತಿದರು. ಆಸ್ಪತ್ರೆಯಲ್ಲಿ ಅದನ್ನು ತೊಳೆದು ತೆಗೆಯುವುದೇ ಒಂದು ದೊಡ್ಡ ಕೆಲಸವಾಯಿತು. ತೊಳೆಯುತ್ತಲೇ ಸಿಸ್ಟರ್ ಬೈದರು: "ಗಡಿಯಾರ ನೋಡ್ಕೊಂಡು ಹತ್ತು ನಿಮಿಷ ಒತ್ತಿ ಹಿಡಿಯೋಕಾಗಲ್ವಾ? ಬಟ್ಟೆ ನೆಂದ್ರೆ ಮೇಲೊಂದು ಇಡಿ, ಕೆಳಗಿಂದು ಕೀಳ್ಬೇಡಿ."

ಗಾಯಾಳುವನ್ನು ಮಲಗಿಸಿ. ಕೈಗೆ ಗಾಯವಾಗಿದ್ದರೆ ಉಂಗುರ, ಬಳೆ ಮೊದಲೇ ತೆಗೆದುಬಿಡಿ, ಊದಿಕೊಂಡ ಮೇಲೆ ಬರುವುದಿಲ್ಲ. ಶುಭ್ರ ಬಟ್ಟೆಯನ್ನು ದಪ್ಪಗೆ ಮಡಿಸಿ ಗಾಯದ ಮೇಲಿಟ್ಟು ಅಂಗೈಯಿಂದ ಭಾರ ಬಿಟ್ಟು ಒತ್ತಿ. ಆಮೇಲೆ ಬಟ್ಟೆ ತೆಗೆಯದೆ ಅದರ ಮೇಲೆಯೇ ಕ್ರೇಪ್ ಬ್ಯಾಂಡೇಜನ್ನು ಗಾಯದ ಕೆಳಗಿನಿಂದ ಮೇಲಕ್ಕೆ, ಒಂದೊಂದು ಸುತ್ತೂ ಹಿಂದಿನದರ ಅರ್ಧ ಮುಚ್ಚುವಂತೆ ಸುತ್ತಿ. ಎಷ್ಟು ಬಿಗಿ ಅಂದರೆ, ಉಗುರು ಒತ್ತಿದಾಗ ಬೆಳ್ಳಗಾಗಿ, ಬಿಟ್ಟ 2 ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಬೆರಳು ತಣ್ಣಗಾಗಿ ಜೋಮು ಹಿಡಿದರೆ ತುಸು ಸಡಿಲಿಸಿ. ಮೇಲಿಟ್ಟ ಎರಡನೇ ಬಟ್ಟೆಯೂ ನೆಂದುಹೋದರೆ ಒತ್ತಡ ಸರಿಯಾದ ಜಾಗಕ್ಕೆ ಬೀಳುತ್ತಿಲ್ಲ ಅಂತಲೇ ಲೆಕ್ಕ. ಆಗ ಮಾತ್ರ ಎರಡನ್ನೂ ತೆಗೆದು, ರಕ್ತ ಎಲ್ಲಿಂದ ಬರುತ್ತಿದೆ ನೋಡಿ ಅಲ್ಲೇ ಒತ್ತಿ. ಕೋಲೋ ಗಾಜೋ ಚುಚ್ಚಿಕೊಂಡಿದ್ದರೆ ಕೀಳದೆ ಅಕ್ಕಪಕ್ಕ ಒತ್ತಿ. ಕುತ್ತಿಗೆಗಂತೂ ಸುತ್ತುವ ಯೋಚನೆಯೇ ಬೇಡ, ಕೈಯಲ್ಲೇ ಒತ್ತಿ ಹಿಡಿದಿರಿ.

ಇನ್ನು ನಿಮ್ಮ ಹಗ್ಗದ ವಿಷಯ. ಮರ ಕೊಯ್ಯುವ ಮೆಷಿನ್ ತಾಗಿ ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದು, ಎಷ್ಟು ಒತ್ತಿದರೂ ನಿಲ್ಲದಿದ್ದರೆ ಮಾತ್ರ ಅದು. ಆಗಲೂ ಸಣ್ಣ ಹಗ್ಗ, ತಂತಿ ಬೇಡ, ಚರ್ಮ ಕೊಯ್ಯುತ್ತದೆ. ಅಗಲದ ಬಟ್ಟೆಯನ್ನು ಗಾಯಕ್ಕಿಂತ 5ರಿಂದ 7 ಸೆಂ.ಮೀ. ಮೇಲೆ, ಕೀಲು ಬಿಟ್ಟು ಕಟ್ಟಿ, ಕೋಲು ಸಿಕ್ಕಿಸಿ ರಕ್ತ ನಿಲ್ಲುವವರೆಗೆ ತಿರುಚಿ. ಕಟ್ಟಿದ ಹೊತ್ತು ಬರೆದಿಡಿ, ಆಸ್ಪತ್ರೆ ಮುಟ್ಟುವ ತನಕ ಬಿಚ್ಚಬೇಡಿ.

ಇಂಬಳ (ಜಿಗಣೆ) ಕಚ್ಚಿದ್ದಕ್ಕೆಲ್ಲ ಇಷ್ಟು ಗಾಬರಿ ಬೇಡ. ಅದರ ಜೊಲ್ಲಿನಲ್ಲಿರುವ ಅಂಶವೊಂದು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಅದಕ್ಕೇ ಸುಮಾರು ಹೊತ್ತು ಒಸರುತ್ತದೆ.

108ಕ್ಕೆ ಫೋನ್ ಮಾಡುವುದನ್ನು ಇನ್ನೊಬ್ಬರಿಗೆ ವಹಿಸಿ, ನೀವು ಕೈ ತೆಗೆಯಬೇಡಿ. ನಮ್ಮ ತೋಟದಲ್ಲಿ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕು, ಹಾಗಾಗಿ ಈಗ ಜೀಪಿನಲ್ಲೇ 10 ಸೆಂ.ಮೀ. ಅಗಲದ ಎರಡು ಕ್ರೇಪ್ ಬ್ಯಾಂಡೇಜ್ ಇಟ್ಟಿದ್ದೇನೆ.