ಬಣ್ಣ ಕೆರೆಯೋ ಮೊದಲು ನಂಬರ್ ಹುಡುಕಿ

ಪ್ರಶ್ನೆ: ಸರ್, ನಾನಿರುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. ಇಲ್ಲಿನ ಗೆಳೆಯರೊಬ್ಬರ ಜೊತೆ ಸೇರಿ ಎರಡನೇ ಮಹಾಯುದ್ಧದ ಕಾಲದ ಆಸ್ಟಿನ್ ಕೆ2 ಆ್ಯಂಬುಲೆನ್ಸ್ ಕೊಂಡಿದ್ದೇವೆ. ಹೊರಗೆ ಬಿಳಿ ಬಣ್ಣ. ಒಳಗೆ ಯಾರೋ ಮಂಚ, ಒಲೆ ಎಲ್ಲ ಕೂರಿಸಿದ್ದಾರೆ. "ಎಲಿಜಬೆತ್ ರಾಣಿ ಓಡಿಸಿದ ಗಾಡಿ ಇದೇ" ಅಂತ ಹೇಳಿ ಮಾರಿದರು. ನಂಬಬಹುದಾ? ಪೂರ್ತಿ ಬಣ್ಣ ತೆಗೆಸಿ ಮಿಲಿಟರಿ ಹಸಿರು ಹೊಡೆಸೋಣ ಅಂತಿದ್ದೇವೆ.
— ಓದುಗರು, ಬರ್ಮಿಂಗ್‌ಹ್ಯಾಮ್

ಉತ್ತರ: ದಯವಿಟ್ಟು ಬಣ್ಣಕ್ಕೆ ಈಗಲೇ ಕೈ ಹಾಕಬೇಡಿ! ನಿಮ್ಮ ಗಾಡಿಯ ಚರಿತ್ರೆ ಬಹುಪಾಲು ಇರುವುದೇ ಆ ಬಿಳಿ ಬಣ್ಣದ ಕೆಳಗೆ.

ಮೊದಲು ರಾಣಿಯ ವಿಷಯ. ಆಕೆ 1945ರಲ್ಲಿ ಸೈನ್ಯದ ಮಹಿಳಾ ವಿಭಾಗ ಎಟಿಎಸ್ ಸೇರಿ ಡ್ರೈವಿಂಗ್, ಮೆಕ್ಯಾನಿಕ್ ಕೆಲಸ ಎರಡನ್ನೂ ಕಲಿತದ್ದು ನಿಜ. ಆದರೆ ಕೆ2 ಗಾಡಿಗಳು 1940ರಿಂದ 1945ರವರೆಗೆ ಸುಮಾರು 13,000 ತಯಾರಾದವು, ಅದೂ ನಿಮ್ಮ ಊರಿನ ಲಾಂಗ್‌ಬ್ರಿಡ್ಜ್ ಕಾರ್ಖಾನೆಯಲ್ಲೇ. ಅಷ್ಟು ಗಾಡಿಗಳಲ್ಲಿ ಇದೇ ಆ ಗಾಡಿ ಅನ್ನಬೇಕಾದರೆ ನಂಬರ್ ಬೇಕು. ಬಾಯಿಮಾತಿಗೆ ಒಂದು ಪೌಂಡ್ ಕೂಡ ಜಾಸ್ತಿ ಕೊಡಬಾರದು.

ಆ ನಂಬರ್ ಸಿಗುವ ದಾರಿ ಇದೆ. ಬ್ರಿಟಿಷ್ ಸೈನ್ಯ ಪ್ರತಿ ವಾಹನದ ಬಾನೆಟ್ ಪಕ್ಕದಲ್ಲಿ ಒಂದು ನಂಬರ್ ಬರೆಸುತ್ತಿತ್ತು. ಲಾರಿಯಾದರೆ ಮುಂದೆ 'ಎಲ್', ಆ್ಯಂಬುಲೆನ್ಸ್ ಆದರೆ 'ಎ'. ಬಾನೆಟ್‌ನ ಎರಡೂ ಬದಿಯಲ್ಲಿ, ಹಿಂಬಾಗಿಲ ಹತ್ತಿರ, ನೀರು ಹಾಕಿಕೊಂಡು ನಯವಾದ ಸ್ಯಾಂಡ್ ಪೇಪರ್‌ನಲ್ಲಿ ಅಂಗೈ ಅಗಲದಷ್ಟು ಜಾಗ ಮಾತ್ರ ನಿಧಾನವಾಗಿ ಉಜ್ಜಿ, ಒಂದೊಂದು ಪದರ ಕಂಡಾಗಲೂ ನಿಲ್ಲಿಸಿ ಫೋಟೋ ತೆಗೆಯಿರಿ. ಒಣಗಿದ್ದಾಗ ಉಜ್ಜಬೇಡಿ, ಒಳ್ಳೆ ಮಾಸ್ಕ್ ಹಾಕಿ, ಯಾಕೆಂದರೆ ಆ ಕಾಲದ ಬಣ್ಣದಲ್ಲಿ ಸೀಸ ಇರುತ್ತದೆ. ಬ್ರೇಕ್ ಲೈನಿಂಗ್‌ನಲ್ಲಿ ಕಲ್ನಾರು ಇರಬಹುದು, ಅದರ ಧೂಳನ್ನು ಗಾಳಿ ಹೊಡೆದು ಹಾರಿಸಲೇಬೇಡಿ.

ಪದರಗಳೇ ಕಾಲ ಹೇಳುತ್ತವೆ. ಯುದ್ಧದ ಮೊದಲ ವರ್ಷಗಳಲ್ಲಿ ಖಾಕಿ ಹಸಿರು, ನಡುವೆ ಕಂದು, 1944ರಿಂದ ಆಲಿವ್ ಹಸಿರು. ಮರಳಿನ ಬಣ್ಣ ಸಿಕ್ಕರೆ ಗಾಡಿ ಮರುಭೂಮಿ ಕಡೆ ಹೋಗಿದ್ದ ಸಾಧ್ಯತೆ ಇದೆ. ಅದಕ್ಕೇ ಹೇಳಿದ್ದು, ಅಂಗಡಿಯಲ್ಲಿ ಸಿಗುವ ಯಾವುದೋ "ಮಿಲಿಟರಿ ಹಸಿರು" ಡಬ್ಬಿ ತರಬೇಡಿ ಅಂತ. ನಂಬರ್ ಜೊತೆಗೆ ಯಾವುದಾದರೂ ಘಟಕದ ಗುರುತೂ ಕಂಡರೆ ನೀವು ಅದೃಷ್ಟವಂತರು. ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಸೈನ್ಯದ ವೈದ್ಯಕೀಯ ಘಟಕಗಳ ಯುದ್ಧ ದಿನಚರಿಗಳಿವೆ, ಡಬ್ಲ್ಯೂಒ 177 ಅನ್ನೋ ಸರಣಿಯಲ್ಲಿ. ಗಾಡಿಯ ಹೆಸರು ಅದರಲ್ಲಿ ಇರುವುದಿಲ್ಲ ಅಂದುಕೊಂಡೇ ಹೋಗಿ, ಆದರೆ ಆ ಘಟಕ ಯಾವ ದಿನ ಎಲ್ಲಿತ್ತು, ಎಷ್ಟು ಗಾಯಾಳುಗಳನ್ನು ಸಾಗಿಸಿತು ಅನ್ನುವುದು ಓದಲು ಸಿಗಬಹುದು. ಈ ಗಾಡಿಯಲ್ಲಿ ನಾಲ್ಕು ಸ್ಟ್ರೆಚರ್ ಇಲ್ಲವೇ ಕೂತ ಹತ್ತು ಜನ ಹಿಡಿಯುತ್ತಿದ್ದರು. ಅವರು ಯಾರು, ಎಲ್ಲಿಂದ ಬಂದವರು ಅಂತ ಸ್ವಲ್ಪವಾದರೂ ತಿಳಿಯಬೇಕು ಅಲ್ವಾ? ನನ್ನ ಪ್ರಕಾರ ಹೊಳೆಯುವ ಬಂಪರ್‌ಗಿಂತ ಅದು ದೊಡ್ಡ ಕೆಲಸ.

ಎಂಜಿನ್ ಬಗ್ಗೆ ಅಷ್ಟು ಚಿಂತೆ ಬೇಡ. ಅದು ಆರು ಸಿಲಿಂಡರಿನ ಸುಮಾರು ಮೂರೂವರೆ ಲೀಟರ್ ಪೆಟ್ರೋಲ್ ಎಂಜಿನ್, ಆಸ್ಟಿನ್ ಲಾರಿಗಳಲ್ಲೂ ಇದ್ದದ್ದು. ಕಷ್ಟ ಕೊಡುವುದು ಹಿಂದಿನ ಪೆಟ್ಟಿಗೆ. ಮರದ ಚೌಕಟ್ಟಿಗೆ ನೀರು ಇಳಿದು ಕೊಳೆತಿರುತ್ತದೆ. ಕೊಳೆತ ತುಂಡನ್ನು ಎಸೆಯಬೇಡಿ, ಬಡಗಿಗೆ ಅದೇ ಅಳತೆ. ಮಂಚ, ಒಲೆ ಕೀಳುವ ಮೊದಲು ಅವುಗಳ ಫೋಟೋನೂ ಇರಲಿ. ಯುದ್ಧ ಮುಗಿದ ಮೇಲೆ ಗಾಡಿ ಬದುಕಿದ್ದು ಅವುಗಳಿಂದಲೇ ಇರಬಹುದು.

ಪ್ರಶ್ನೆ: ನಮ್ಮ ತಾತ ಹರಾಜಿನಲ್ಲಿ ಕೊಂಡಿದ್ದ ಅಮೆರಿಕನ್ ಸೈನ್ಯದ ಡಾಡ್ಜ್ ಆ್ಯಂಬುಲೆನ್ಸ್ ಶೆಡ್ಡಿನಲ್ಲಿದೆ. ರೆಡ್ ಕ್ರಾಸ್ ಗುರುತು ಬರೆಸಿ ಓಡಿಸಬಹುದಾ? ಡೀಸೆಲ್ ಎಂಜಿನ್ ಹಾಕಿದರೆ ಖರ್ಚು ಕಡಿಮೆ ಅಂತಾರೆ.
— ಓದುಗರು, ಮೈಸೂರು

ಉತ್ತರ: ಗುರುತು ಸುಮ್ನೆ ಬರೆಸುವ ಹಾಗಿಲ್ಲ. 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಪ್ರಕಾರ ಕೇಂದ್ರ ಸರ್ಕಾರದ ಅನುಮತಿ ಬೇಕು. ಯುದ್ಧದಲ್ಲಿ ಆ ಗುರುತು ನೋಡಿ ಗುಂಡು ಹಾರಿಸದೆ ಇರಬೇಕು ಅನ್ನುವುದಕ್ಕೇ ಇಷ್ಟು ಬಿಗಿ. ಹಳೆ ಗುರುತು ಉಳಿದಿದ್ದರೆ ಅಳಿಸಬೇಡಿ, ರಸ್ತೆಗೆ ಇಳಿಸುವಾಗ ಬಟ್ಟೆ ಮುಚ್ಚಿ, ಅನುಮತಿಗೂ ಬರೆಯಿರಿ.

ನಿಮ್ಮದು ಡಾಡ್ಜ್‌ನ ಡಬ್ಲ್ಯೂಸಿ54 ಅನ್ನೋ ಆ್ಯಂಬುಲೆನ್ಸ್ ಮಾದರಿ ಆಗಿದ್ದರೆ 1942ರಿಂದ 1944ರ ನಡುವಿನದು, ನಾಲ್ಕೂ ಚಕ್ರಕ್ಕೆ ಎಳೆತ ಇರುವ ಗಾಡಿ. ಬಾನೆಟ್ ಮೇಲೆ 7ರಿಂದ ಶುರುವಾಗುವ ನಂಬರ್ ಇದ್ದರೆ ಅದು ಅಮೆರಿಕನ್ನರ ಆ್ಯಂಬುಲೆನ್ಸ್ ಸರಣಿ.

ಡೀಸೆಲ್ ಮಾತ್ರ ಬೇಡವೇ ಬೇಡ. 2021ರ ಕೇಂದ್ರದ ನಿಯಮದಲ್ಲಿ 50 ವರ್ಷ ದಾಟಿದ ವಾಹನಕ್ಕೆ 'ವಿಎ' ಸರಣಿಯ ವಿಂಟೇಜ್ ನಂಬರ್ ಇದೆ, ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು. ಇನ್ನೊಂದು ಮಾತು, ಆ ನಿಯಮ ಇರುವುದು ದ್ವಿಚಕ್ರ ವಾಹನ ಮತ್ತು ಸ್ವಂತ ಬಳಕೆಯ ಕಾರು ವರ್ಗಕ್ಕೆ. ಹಾಗಾಗಿ ತಾತನ ಕಾಲದ ಆರ್‌ಸಿ ಪುಸ್ತಕದಲ್ಲಿ ಗಾಡಿ ಯಾವ ವರ್ಗ ಅಂತ ಬರೆದಿದೆ ನೋಡಿಕೊಂಡು, ಸ್ಪ್ಯಾನರ್ ಹಿಡಿಯುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ.