ರಂಗವಿನ್ಯಾಸದ ಪದವಿ ವಿದ್ಯಾರ್ಥಿಗಳು ಇಂದಿಗೂ ರಟ್ಟಿನ ಮಾದರಿ ಕಟ್ಟುವುದು ಏಕೆ?

ಕಂಪ್ಯೂಟರ್ ಪರದೆಯ ಮೇಲೆ ಎಲ್ಲ ರಂಗಸಜ್ಜಿಕೆಯೂ ಚೆನ್ನಾಗಿಯೇ ಕಾಣುತ್ತದೆ. ತಪ್ಪು ಬಯಲಾಗುವುದು ಮಾದರಿಯಲ್ಲಿ. ಬ್ರಿಟನ್ನಿನ ರಂಗಶಾಲೆಗಳಲ್ಲಿ ಇದನ್ನು ಸಾಮಾನ್ಯವಾಗಿ 1:25 ಪ್ರಮಾಣದಲ್ಲಿ ಮಾಡುತ್ತಾರೆ. ಅಂದರೆ ರಂಗದ ಒಂದು ಮೀಟರ್ ಇಲ್ಲಿ 4 ಸೆಂಟಿಮೀಟರ್, 175 ಸೆಂಟಿಮೀಟರ್ ಎತ್ತರದ ನಟ ಇಲ್ಲಿ 7 ಸೆಂಟಿಮೀಟರಿನ ಗೊಂಬೆ.

ಮೊದಲು ಬರುವುದು ಬಣ್ಣವಿಲ್ಲದ ಬಿಳಿ ರಟ್ಟಿನ ಮಾದರಿ. ನನ್ನ ಮಟ್ಟಿಗೆ ವಿದ್ಯಾರ್ಥಿಯ ನಿಜವಾದ ಸೃಜನಶೀಲತೆ ಕಾಣುವುದು ಇಲ್ಲಿಯೇ, ಅಂತಿಮ ಮಾದರಿಯ ನಯಗಾರಿಕೆಯಲ್ಲಿ ಅಲ್ಲ. ಗೊಂಬೆಯನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, ಬದಿಯ ಕೊನೆಯ ಆಸನದ ಜಾಗದಿಂದ ನೋಡಿದಾಗ ಮುಖ್ಯ ಪಾತ್ರವೇ ಗೋಡೆಯ ಹಿಂದೆ ಮರೆಯಾಗಬಹುದು. ಆಗ ಗೋಡೆಯನ್ನು ಕತ್ತರಿಸಬೇಕು. ರಟ್ಟು ಅಗ್ಗ, ನಿಜವಾದ ಸಜ್ಜಿಕೆಯ ಪ್ಲೈವುಡ್ ದುಬಾರಿ. ಸಣ್ಣ ಟಾರ್ಚ್ ಹಿಡಿದರೆ ನೆರಳು ಎಲ್ಲಿ ಬೀಳುತ್ತದೆ ಎಂಬುದೂ ತಿಳಿಯುತ್ತದೆ. ಬೆಳಕಿನ ವಿನ್ಯಾಸ ಮಾಡುವ ಸಹಪಾಠಿಯೊಂದಿಗೆ ಮಾತು ಶುರುವಾಗುವುದೂ ಅಲ್ಲಿಂದ.

ನಂತರ ನಿರ್ದೇಶಕರು, ಬಡಗಿಗಳು, ರಂಗ ನಿರ್ವಾಹಕರು ಅದೇ ಮಾದರಿಯ ಸುತ್ತ ಕುಳಿತು ಖರ್ಚು, ತೂಕ, ದೃಶ್ಯ ಬದಲಾವಣೆಯ ವೇಗವನ್ನು ಚರ್ಚಿಸುತ್ತಾರೆ. ವಿದ್ಯಾರ್ಥಿಗೆ ಇದು ಕಷ್ಟದ ಗಳಿಗೆ, ಪ್ರೀತಿಯಿಂದ ಮಾಡಿದ್ದನ್ನು ಬಿಟ್ಟುಕೊಡಬೇಕಾಗುತ್ತದೆ. ಊರೂರಿಗೆ ಸಾಗುವ ನೀನಾಸಂ ತಿರುಗಾಟದಂತಹ ತಂಡಕ್ಕೆ ವಿನ್ಯಾಸ ಮಾಡುವುದಾದರೆ ಇನ್ನೊಂದು ಪ್ರಶ್ನೆಯೂ ಸೇರುತ್ತದೆ: ಇಡೀ ಸಜ್ಜಿಕೆಯನ್ನು ಬೇಗ ಬಿಚ್ಚಿ ವಾಹನಕ್ಕೆ ಏರಿಸಲು ಸಾಧ್ಯವೇ? ಈ ಪ್ರಶ್ನೆಯನ್ನು ಮೊದಲ ವರ್ಷದಲ್ಲೇ ಕೇಳಿಸಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.