ಮೂರು ಪೆನ್ನಿ ಸುಂಕಕ್ಕೆ ಇಷ್ಟೆಲ್ಲ ರಂಪವೇ?

ಶಿವಮೊಗ್ಗದ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಅದರ ತಿರುಳು ಇದು: "ಮೊಮ್ಮಗಳಿಗೆ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಪಾಠ ಹೇಳಿಕೊಡುತ್ತಿದ್ದೆ. ಒಂದು ಪೌಂಡ್ ಚಹಾಕ್ಕೆ ಮೂರು ಪೆನ್ನಿ ಸುಂಕ ಬಿತ್ತು, ಜನ ಚಹಾವನ್ನು ಸಮುದ್ರಕ್ಕೆ ಸುರಿದರು, ದೇಶ ಸ್ವತಂತ್ರವಾಯಿತು ಅಂತಿದೆ. 'ಅಷ್ಟಕ್ಕೇನಾ ತಾತ?' ಅಂದಳು. ಸ್ವಾತಂತ್ರ್ಯವೇ ಬೇಕಿದ್ದರೆ ಅವರು ರಾಜನಿಗೆ ಮನವಿ ಮೇಲೆ ಮನವಿ ಯಾಕೆ ಕಳಿಸಿದರು? ಗುಲಾಮರನ್ನು ಇಟ್ಟುಕೊಂಡವರ ಬಾಯಲ್ಲಿ ಸ್ವಾತಂತ್ರ್ಯದ ಮಾತು ಬಂದದ್ದಾದರೂ ಹೇಗೆ?"

ಮೇಷ್ಟ್ರೇ, ಮೊಮ್ಮಗಳ ಅನುಮಾನ ಸರಿಯಾಗಿದೆ. ನಿಮ್ಮ ಎರಡನೇ ಪ್ರಶ್ನೆಯಲ್ಲೇ ಅವಳಿಗೆ ಬೇಕಾದ ಉತ್ತರವೂ ಇದೆ. ಸುಮಾರು ಹತ್ತು ವರ್ಷ ಆ ಜನ ಸ್ವಾತಂತ್ರ್ಯ ಕೇಳಲೇ ಇಲ್ಲ. ತಾವು ಒಳ್ಳೆಯ ಇಂಗ್ಲಿಷರು, ಇಂಗ್ಲೆಂಡಿನಲ್ಲಿರುವ ಇಂಗ್ಲಿಷರಿಗಿರುವ ಹಕ್ಕು ತಮಗೂ ಇರಲಿ ಅಂತಷ್ಟೇ ಕೇಳಿದರು.

ಜಗಳದ ಮೂಲ ಸಾಲ. ಫ್ರಾನ್ಸಿನ ಜೊತೆ ನಡೆದ ಏಳು ವರ್ಷದ ಯುದ್ಧ 1763ರಲ್ಲಿ ಮುಗಿದಾಗ ಬ್ರಿಟನ್ನಿನ ಸಾಲ ಹತ್ತಿರ ಹತ್ತಿರ ಎರಡರಷ್ಟಾಗಿತ್ತು. ಅಮೆರಿಕದಲ್ಲಿ ಸೈನ್ಯ ಇಟ್ಟುಕೊಳ್ಳುವ ಖರ್ಚು ಬೇರೆ. ಅಲ್ಲಿಯವರೂ ಸ್ವಲ್ಪ ಕೊಡಲಿ ಎಂದು ಲಂಡನ್ ಯೋಚಿಸಿದ್ದರಲ್ಲಿ ಅನ್ಯಾಯ ಏನಿದೆ, ಅಲ್ವಾ? ನಿಜ ಹೇಳಬೇಕೆಂದರೆ ಬ್ರಿಟನ್ನಿನ ಜನ ಅಮೆರಿಕದವರಿಗಿಂತ ಜಾಸ್ತಿ ತೆರಿಗೆ ಕಟ್ಟುತ್ತಿದ್ದರು. ಅಮೆರಿಕದವರ ಮೇಲೆ ಹೇರಿದ 1765ರ ಸ್ಟ್ಯಾಂಪ್ ಕಾಯ್ದೆಯಂಥದ್ದು ಬ್ರಿಟನ್ನಿನಲ್ಲಿ ಎಷ್ಟೋ ದಶಕಗಳಿಂದ ಜಾರಿಯಲ್ಲಿತ್ತು. ಪತ್ರಿಕೆ, ಕೋರ್ಟಿನ ಕಾಗದ, ಇಸ್ಪೀಟು ಎಲೆ, ಎಲ್ಲಕ್ಕೂ ಮುದ್ರೆ ಬೀಳಬೇಕು, ಮುದ್ರೆಗೆ ದುಡ್ಡು ಕೊಡಬೇಕು. ಅಷ್ಟೇ.

ವಸಾಹತಿನವರ, ಅಂದರೆ ಅಮೆರಿಕದಲ್ಲಿ ನೆಲೆಸಿದ್ದ ಬ್ರಿಟಿಷ್ ಪ್ರಜೆಗಳ, ತಕರಾರು ಮೊತ್ತದ ಬಗ್ಗೆ ಇರಲಿಲ್ಲ. ವರ್ಜೀನಿಯಾದಲ್ಲಿ 1619ರಿಂದಲೂ ಚುನಾಯಿತ ಸಭೆ ಇತ್ತು. ತೆರಿಗೆ ಹಾಕುವುದು ಆ ಸಭೆಯ ಕೆಲಸ. ನಾವು ಯಾರನ್ನೂ ಆರಿಸಿ ಕಳಿಸದ ಪಾರ್ಲಿಮೆಂಟಿಗೆ ನಮ್ಮ ಜೇಬಿನಲ್ಲೇನು ಕೆಲಸ ಎಂದು ಅವರು ಕೇಳಿದರು. ಲಂಡನ್ ಕೊಟ್ಟ ಉತ್ತರ ತಮಾಷೆಯಾಗಿತ್ತು: ಮ್ಯಾಂಚೆಸ್ಟರಿಗೂ ಪ್ರತ್ಯೇಕ ಸದಸ್ಯರಿಲ್ಲ, ಬರ್ಮಿಂಗ್‌ಹ್ಯಾಮಿಗೂ ಇಲ್ಲ, ಆದರೂ ಪಾರ್ಲಿಮೆಂಟ್ ಎಲ್ಲರ ಪರವಾಗಿಯೇ ಕೂತಿರುತ್ತದೆ! ಮ್ಯಾಂಚೆಸ್ಟರಿಗೆ ಅನ್ಯಾಯವಾಗಿದೆ ಅಂದಮಾತ್ರಕ್ಕೆ ಬಾಸ್ಟನ್ನಿಗೆ ಸಮಾಧಾನ ಆಗುತ್ತದೆಯೇ?

1765ರ ಅಕ್ಟೋಬರಿನಲ್ಲಿ ಒಂಬತ್ತು ವಸಾಹತುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿದರು. ಮೊದಲು ರಾಜನಿಗೆ ನಿಷ್ಠೆ ಹೇಳಿ, ಆಮೇಲೆ ದೂರು ಬರೆದರು. ಬೀದಿಯಲ್ಲಿ ಇಷ್ಟು ಮರ್ಯಾದೆ ಇರಲಿಲ್ಲ. ಗಲಾಟೆಗೆ ಹೆದರಿ ಮುದ್ರೆ ಹಂಚಬೇಕಾದವರು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟರು. 1766ರಲ್ಲಿ ಕಾಯ್ದೆ ರದ್ದಾಯಿತು. ಆದರೆ ರದ್ದು ಮಾಡಿದ ಕೈಯೇ ಇನ್ನೊಂದು ಕಾಯ್ದೆ ಬರೆಯಿತು. ವಸಾಹತುಗಳಿಗೆ ಯಾವ ವಿಷಯದಲ್ಲಿ ಬೇಕಾದರೂ ಕಾನೂನು ಮಾಡುವ ಅಧಿಕಾರ ಪಾರ್ಲಿಮೆಂಟಿಗೆ ಇದೆ ಎಂದು ಅದರಲ್ಲಿತ್ತು. ಮರುವರ್ಷ ಗಾಜು, ಸೀಸ, ಬಣ್ಣ, ಕಾಗದ, ಚಹಾದ ಮೇಲೆ ಸುಂಕ ಬಂತು. ಜನ ಬ್ರಿಟಿಷ್ ಸಾಮಾನು ಕೊಳ್ಳುವುದನ್ನು ಬಿಟ್ಟರು. 1770ರಲ್ಲಿ ಆ ಸುಂಕಗಳೂ ಹೋದವು. ಚಹಾದ ಒಂದನ್ನು ಮಾತ್ರ ಉಳಿಸಿಕೊಂಡರು. ದುಡ್ಡಿಗಾಗಿ ಅಲ್ಲ, ಹಕ್ಕು ನಮ್ಮದೇ ಎಂದು ತೋರಿಸಲು.

ಚಹಾದ ಕಥೆಯಲ್ಲಿ ಪಾಠಪುಸ್ತಕಗಳು ಸಾಮಾನ್ಯವಾಗಿ ಬಿಡುವ ಸಂಗತಿ ಒಂದಿದೆ. 1773ರ ಕಾಯ್ದೆಯಿಂದ ಚಹಾ ಅಗ್ಗವಾಯಿತು! ಆ ಕಾಯ್ದೆ ಹುಟ್ಟಿದ್ದೇ ಈಸ್ಟ್ ಇಂಡಿಯಾ ಕಂಪನಿಯನ್ನು ಉಳಿಸಲು. ಇಲ್ಲಿ ನಮ್ಮ ಕಡೆಯವರೂ ಬರುತ್ತಾರೆ ನೋಡಿ. 1769ರಲ್ಲಿ ಹೈದರಾಲಿಯ ಸವಾರರು ಮದರಾಸಿನ ಬಾಗಿಲಿಗೇ ಬಂದು ನಿಂತರು. ಕಂಪನಿ ಒಪ್ಪಂದಕ್ಕೆ ಇಳಿಯಬೇಕಾಯಿತು. ಆ ವರ್ಷವೇ ಲಂಡನ್ನಿನಲ್ಲಿ ಕಂಪನಿಯ ಷೇರು ಕುಸಿಯಿತು. ಅದರ ಹಿಂದೆಯೇ ಬಂಗಾಳದ ಭೀಕರ ಬರ. ಕೊನೆಗೆ ಕಂಪನಿ ಸರ್ಕಾರದ ಮುಂದೆ ಸಾಲಕ್ಕೆ ಕೈಚಾಚಿತು. ಗೋದಾಮಿನಲ್ಲಿ ರಾಶಿ ಬಿದ್ದಿದ್ದ ಚಹಾವನ್ನು ಅಮೆರಿಕಕ್ಕೆ ನೇರವಾಗಿ ಮಾರಲು ಸರ್ಕಾರ ಅನುಮತಿ ಕೊಟ್ಟಿತು. ಆ ಚಹಾ ಚೀನಾದ್ದು. ಅಸ್ಸಾಮಿನ ತೋಟಗಳು ಆಗಿನ್ನೂ ಇರಲಿಲ್ಲ. (ಅಂದಹಾಗೆ, ಯುದ್ಧದ ಕೊನೆಯಲ್ಲಿ, 1782ರಲ್ಲಿ, ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ ಇಟ್ಟ ಹೆಸರು ಹೈದರ್ ಅಲಿ. ಅದು ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ಹಡಗೊಂದನ್ನು ಸೆರೆಹಿಡಿಯಿತು. ಮೊಮ್ಮಗಳಿಗೆ ಇದನ್ನು ಹೇಳಿ, ಖುಷಿಪಡುತ್ತಾಳೆ.)

ಅಗ್ಗದ ಚಹಾ ಕುಡಿದರೆ ಪಾರ್ಲಿಮೆಂಟಿನ ಸುಂಕವನ್ನು ಒಪ್ಪಿದ ಹಾಗೆ. ವಸಾಹತಿನವರಿಗೆ ಅದೇ ಬಲೆಯಾಗಿ ಕಂಡಿತು. ಕಳ್ಳ ಚಹಾ ಮಾರುತ್ತಿದ್ದ ವ್ಯಾಪಾರಿಗಳ ಹೊಟ್ಟೆಗೂ ಪೆಟ್ಟು ಬಿತ್ತು ಎಂಬುದನ್ನು ಮುಚ್ಚಿಡುವುದು ಬೇಡ. ನ್ಯೂಯಾರ್ಕ್, ಫಿಲಡೆಲ್ಫಿಯಾಗಳಿಗೆ ಹೊರಟ ಹಡಗುಗಳು ಸರಕಿನ ಸಮೇತ ವಾಪಸಾದವು. ಬಾಸ್ಟನ್ನಿನಲ್ಲಿ ಮಾತ್ರ ಮ್ಯಾಸಚೂಸೆಟ್ಸ್ ವಸಾಹತಿನ ಗವರ್ನರ್ ಹಠ ಹಿಡಿದ. ಸುಂಕ ಕಟ್ಟದೆ ಹಡಗು ಹೊರಡುವಂತಿಲ್ಲ ಎಂದ. 1773ರ ಡಿಸೆಂಬರ್ 16ರ ರಾತ್ರಿ 342 ಪೆಟ್ಟಿಗೆ ಚಹಾ ನೀರಿಗೆ ಬಿತ್ತು.

ನನ್ನ ಲೆಕ್ಕದಲ್ಲಿ ದೊಡ್ಡ ತಿರುವು ಆ ರಾತ್ರಿಯದ್ದಲ್ಲ, ಅದಕ್ಕೆ ಲಂಡನ್ ಕೊಟ್ಟ ಶಿಕ್ಷೆಯದ್ದು. 1774ರಲ್ಲಿ ಬಾಸ್ಟನ್ ಬಂದರನ್ನು ಮುಚ್ಚಿದರು. ಮ್ಯಾಸಚೂಸೆಟ್ಸಿನ ಆಡಳಿತ ವ್ಯವಸ್ಥೆಯನ್ನೇ ಬದಲಿಸಿದರು. ಊರ ಸಭೆ ವರ್ಷಕ್ಕೊಮ್ಮೆ ಮಾತ್ರ, ಅದಕ್ಕಿಂತ ಹೆಚ್ಚು ಸೇರಲು ಗವರ್ನರನ ಅಪ್ಪಣೆ ಬೇಕು. ಅಲ್ಲಿಯವರೆಗೆ ಬಾಸ್ಟನ್ನಿನವರನ್ನು ಜಗಳಗಂಟರು ಎನ್ನುತ್ತಿದ್ದ ಬೇರೆ ವಸಾಹತುಗಳಿಗೂ ಚಳಿ ಹಿಡಿಯಿತು. ಇವತ್ತು ಅವರಿಗಾದದ್ದು ನಾಳೆ ನಮಗೂ ಆದೀತು! ದಕ್ಷಿಣ ಕ್ಯಾರೊಲಿನಾದಿಂದ ಬಾಸ್ಟನ್ನಿಗೆ ಅಕ್ಕಿ ಬಂತು, ಕನೆಕ್ಟಿಕಟ್‌ನಿಂದ ಕುರಿ ಬಂದವು.

ಆ ವರ್ಷ ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲಿ ಹನ್ನೆರಡು ವಸಾಹತುಗಳವರು ಸೇರಿದರು. ಜಾರ್ಜಿಯಾ ಬರಲಿಲ್ಲ. ಮತ್ತೆ ರಾಜನಿಗೆ ಮನವಿ ಹೋಯಿತು. ಜೊತೆಗೆ ಬ್ರಿಟಿಷ್ ಸರಕಿನ ಬಹಿಷ್ಕಾರವನ್ನು ನೋಡಿಕೊಳ್ಳಲು ಊರೂರಿನಲ್ಲೂ ಸಮಿತಿ ಮಾಡಿ ಎಂದು ತೀರ್ಮಾನಿಸಿದರು. ಮೇಷ್ಟ್ರೇ, ನನ್ನ ಕೇಳಿದರೆ ಸ್ವಾತಂತ್ರ್ಯ ಮೊಳೆತದ್ದು ಈ ಸಮಿತಿಗಳಲ್ಲಿ. ಯಾರ ಅಂಗಡಿಯಲ್ಲಿ ಏನು ಮಾರುತ್ತಾರೆ ಎಂದು ನೋಡುತ್ತಿದ್ದವರೇ ಕ್ರಮೇಣ ಮದ್ದುಗುಂಡು ಕೂಡಿಸಿದರು, ಜನಸೇನೆಗೆ ತಾಲೀಮು ಕೊಡಿಸಿದರು. ದೂರು ಹೇಳಲು ಕಟ್ಟಿಕೊಂಡ ಕೂಟ ಹೀಗೆ ಮೆಲ್ಲಗೆ ಸರ್ಕಾರವಾಯಿತು. ಗವರ್ನರುಗಳ ಮಾತು ಅವರ ಕಚೇರಿಯಾಚೆ ನಡೆಯಲಿಲ್ಲ. ಇದರಲ್ಲಿ ದಬ್ಬಾಳಿಕೆಯೂ ಇತ್ತು. ಒಪ್ಪದವರ ಹೆಸರನ್ನು ಪತ್ರಿಕೆಯಲ್ಲಿ ಹಾಕಿಸಿ ಮಾನ ಕಳೆಯುತ್ತಿದ್ದರು.

1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್, ಕಾಂಕರ್ಡ್‌ಗಳಲ್ಲಿ ಗುಂಡು ಹಾರಿತು. ಆಮೇಲೂ, ಜುಲೈನಲ್ಲಿ, ಇನ್ನೊಂದು ಮನವಿ ಹೋಯಿತು! ಅವರ ಕಣ್ಣಲ್ಲಿ ತಪ್ಪೆಲ್ಲ ಪಾರ್ಲಿಮೆಂಟಿನದು, ಮಂತ್ರಿಗಳದು. ರಾಜ ಒಳ್ಳೆಯವನು, ಅವನಿಗೆ ಯಾರೋ ಚಾಡಿ ಹೇಳಿದ್ದಾರೆ ಎಂದೇ ನಂಬಿದ್ದರು. ಮೂರನೇ ಜಾರ್ಜ್ ಆ ಮನವಿಯನ್ನು ಕೈಯಲ್ಲೂ ಹಿಡಿಯಲಿಲ್ಲ. ಆಗಸ್ಟಿನಲ್ಲಿ ಅವರನ್ನು ದಂಗೆಕೋರರೆಂದು ಸಾರಿದ. ಆಮೇಲೆ ಜರ್ಮನ್ ಬಾಡಿಗೆ ಸೈನಿಕರನ್ನೂ ಗೊತ್ತುಮಾಡಿದ. ಆಸರೆ ಅಂದುಕೊಂಡಿದ್ದ ಕೊನೆಯ ಬಾಗಿಲೂ ಮುಚ್ಚಿತು. 1776ರ ಜನವರಿಯಲ್ಲಿ ಇಂಗ್ಲೆಂಡಿನಿಂದ ಬಂದು ಒಂದು ವರ್ಷವಷ್ಟೇ ಆಗಿದ್ದ ಟಾಮಸ್ ಪೈನ್ ಒಂದು ಕಿರುಹೊತ್ತಗೆಯಲ್ಲಿ, ರಾಜನೇ ಯಾಕೆ ಬೇಕು ಎಂದು ನೇರವಾಗಿ ಕೇಳಿದ. ಜನ ಅದನ್ನು ಮುಗಿಬಿದ್ದು ಕೊಂಡರು. ಜುಲೈ 4ರ ಸ್ವಾತಂತ್ರ್ಯ ಘೋಷಣೆಯನ್ನು ಓದಿ ನೋಡಿ. ದೂರುಗಳ ಆ ಉದ್ದದ ಪಟ್ಟಿ ರಾಜನ ಮೇಲೇ ಇದೆ. ಪಾರ್ಲಿಮೆಂಟಿನ ಹೆಸರು ಅದರಲ್ಲಿ ಎಲ್ಲೂ ಬರುವುದಿಲ್ಲ.

ಇನ್ನು ಗುಲಾಮರ ಪ್ರಶ್ನೆ. ಅದಕ್ಕೆ ಸಮಜಾಯಿಷಿ ಇಲ್ಲ. ಘೋಷಣೆ ಬರೆದ ಜೆಫರ್ಸನ್ ತಾನೇ ಗುಲಾಮರ ಒಡೆಯ. ಆದರೂ ಗುಲಾಮರ ವ್ಯಾಪಾರವನ್ನು ಬೈದು ಕರಡಿನಲ್ಲಿ ಒಂದು ಭಾಗ ಬರೆದಿದ್ದ, ತಪ್ಪನ್ನು ರಾಜನ ತಲೆಗೆ ಕಟ್ಟಿ. ಕಾಂಗ್ರೆಸ್, ಅಂದರೆ ವಸಾಹತುಗಳ ಪ್ರತಿನಿಧಿಗಳ ಸಭೆ, ಅದನ್ನು ಹೊಡೆದುಹಾಕಿತು. ಇತ್ತ 1775ರ ನವೆಂಬರಿನಲ್ಲೇ ವರ್ಜೀನಿಯಾದ ಗವರ್ನರ್ ಡನ್‌ಮೋರ್, ಬಂಡಾಯಗಾರರ ಗುಲಾಮರು ನಮ್ಮ ಸೈನ್ಯ ಸೇರಿದರೆ ಬಿಡುಗಡೆ ಎಂದಿದ್ದ. ಅವನಿಗೂ ಮರುಕವೇನೂ ಇರಲಿಲ್ಲ, ಸೈನಿಕರು ಬೇಕಿತ್ತು. ಆದರೆ ಎಷ್ಟೋ ಕಪ್ಪು ಜನರಿಗೆ ಸ್ವಾತಂತ್ರ್ಯದ ದಾರಿ ಬ್ರಿಟಿಷ್ ಪಾಳೆಯದ ಕಡೆಗೆ ಕಂಡಿತು. ತಪ್ಪಿಸಿಕೊಂಡು ಹಾಗೇ ಹೋದವರೂ ಬಹಳ. ಡನ್‌ಮೋರನ ಈ ಮಾತು ದಕ್ಷಿಣದ ಜಮೀನ್ದಾರರನ್ನು ಮತ್ತಷ್ಟು ಬಂಡಾಯದ ಕಡೆ ತಳ್ಳಿತು ಎಂಬುದೂ ನಿಜ.

ಎಲ್ಲರೂ ಬಂಡಾಯದ ಜೊತೆ ಇದ್ದರು ಎಂದೂ ತಿಳಿಯಬೇಡಿ. ಬೆಂಜಮಿನ್ ಫ್ರಾಂಕ್ಲಿನ್ ಘೋಷಣೆಗೆ ಸಹಿ ಹಾಕಿದ, ಅವನ ಮಗ ವಿಲಿಯಂ ನ್ಯೂಜೆರ್ಸಿಯ ಗವರ್ನರನಾಗಿ ರಾಜನ ಕಡೆಯೇ ಉಳಿದು ಸೆರೆ ಸೇರಿದ. ಅಪ್ಪ ಮಗ ಮತ್ತೆ ಒಂದಾಗಲಿಲ್ಲ. ಯುದ್ಧ ಮುಗಿದಾಗ ಹತ್ತಾರು ಸಾವಿರ ಜನ ಮನೆ ಮಠ ಬಿಟ್ಟು ಕೆನಡಾ, ಇಂಗ್ಲೆಂಡ್, ಕೆರಿಬಿಯನ್ ದ್ವೀಪಗಳಿಗೆ ಹೊರಟರು.

ಫ್ರಾನ್ಸಿನ ರಾಜ ಇನ್ನೊಬ್ಬ ರಾಜನ ವಿರುದ್ಧದ ಬಂಡಾಯಕ್ಕೆ ಯಾಕೆ ದುಡ್ಡು ಸುರಿದ ಎಂದು ಪತ್ರದ ಅಂಚಿನಲ್ಲಿ ಕೇಳಿದ್ದೀರಿ. ಅದಕ್ಕೆ ಇಲ್ಲಿ ಜಾಗ ಸಾಲದು, ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.

– ಸಂ.